ಬಿಡದೆ ಕಾಡುವ ದೇಹಲಕ್ಷಣಗಳು

ಏನಿದು?

ಮೈಕೈ ನೋವು, ತಲೆಸುತ್ತು, ಎದೆ ಡವಡವ, ಹೊಟ್ಟೆಯುಬ್ಬರ, ಎಷ್ಟು ಮಲಗಿದರೂ ಇಳಿಯದ ಸುಸ್ತು. ಇಂಥ ತೊಂದರೆಗಳು ತಿಂಗಳುಗಟ್ಟಲೆ ಉಳಿದು, ನಿತ್ಯದ ಕೆಲಸಕ್ಕೆ ಅಡ್ಡಿಯಾಗಿ, ಪರೀಕ್ಷೆಯಲ್ಲಿ ಕಂಡ ಯಾವ ರೋಗವೂ ಅವಕ್ಕೆ ಪೂರ್ತಿ ಕಾರಣವೆನಿಸದಿದ್ದರೆ, ಅವನ್ನು ದೀರ್ಘಕಾಲೀನ ದೈಹಿಕ ಲಕ್ಷಣಗಳೆಂದು ಕರೆಯುತ್ತಾರೆ. ಇದು ನಟನೆಯೂ ಅಲ್ಲ, ಭ್ರಮೆಯೂ ಅಲ್ಲ. ರೋಗವೊಂದು ಇದ್ದ ಮಾತ್ರಕ್ಕೆ ಇದು ಇರಬಾರದೆಂದೂ ಇಲ್ಲ: ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ, ಲಕ್ಷಣಕ್ಕೆ ವೈದ್ಯಕೀಯ ಕಾರಣ ಸಿಗಬಾರದು ಎಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ.

ಹೇಗೆ ಉಂಟಾಗುತ್ತದೆ?

ಸೋಂಕು, ಪೆಟ್ಟು ಅಥವಾ ಮನೆಯ ದುಃಖ ಇದಕ್ಕೆ ಮೊದಲ ಕಾರಣವಾಗಬಹುದು. ಆ ಕಾರಣ ಸರಿದ ಮೇಲೂ ನರವ್ಯೂಹ ಎಚ್ಚರದ ಸ್ಥಿತಿಯಲ್ಲೇ ಉಳಿದು, ಸಣ್ಣ ಸಂವೇದನೆಯನ್ನೂ ನೋವಾಗಿ ದೊಡ್ಡದು ಮಾಡುತ್ತದೆ. ನಿದ್ರಾಹೀನತೆ, ಚಿಂತೆ ಮತ್ತು ನೋವಿನ ಭಯದಿಂದ ಕೆಲಸ ಬಿಟ್ಟು ಕೂರುವುದು ಅದನ್ನು ಪೋಷಿಸುತ್ತವೆ.

ಮೊದಲ ಭೇಟಿಯಲ್ಲೇ ಗುರುತಿಸುವ ಬಗೆ

ಕುಮಟಾ ತಾಲ್ಲೂಕಿನ ಯಾಣದಂಥ ಕಾಡಿನ ಊರಿನವರಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಅಥವಾ ತೋಟದ ಕೆಲಸ ಬಿಟ್ಟಂತೆ. ಹೆಚ್ಚಿನ ತಪಾಸಣೆಗೆಂದು ಕಾರವಾರ, ಹುಬ್ಬಳ್ಳಿ, ಮಣಿಪಾಲಗಳಿಗೆ ಅಲೆದವರ ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್, ಬೇರೆ ಬೇರೆ ಕೈಬರಹದ ಚೀಟಿಗಳು ತುಂಬಿರುತ್ತವೆ. ವೈದ್ಯರಿಗೆ ಆ ಕವರನ್ನು ಬಿಡಿಸಿ ಓದುವುದೇ ಅರ್ಧ ತಪಾಸಣೆ. ದೂರು ಒಂದು ಅಂಗದಿಂದ ಇನ್ನೊಂದಕ್ಕೆ ಸರಿದಿದೆಯೇ, ಅದೇ ಪರೀಕ್ಷೆ ಎರಡು ಮೂರು ಕಡೆ ನಡೆದಿದೆಯೇ ಎಂಬುದು ಅಲ್ಲಿಯೇ ಕಾಣುತ್ತದೆ.

ಬಳಿಕ ಕೇಳಬೇಕಾದದ್ದು ಇಷ್ಟು: ನಿದ್ದೆ ಹೇಗಿದೆ, ಈ ನೋವು ಏನಿರಬಹುದೆಂದು ನಿಮಗೆ ಅನಿಸುತ್ತದೆ, ಇದರಿಂದ ಯಾವ ಕೆಲಸ ನಿಂತಿದೆ. ಎಲ್ಲ ವರದಿಗಳೂ ಬಂದ ಮೇಲೆ ಇವನ್ನು ಕೇಳಿದರೆ ರೋಗಿಗೆ ಅದು ಅಪನಂಬಿಕೆಯಂತೆ ತೋರುತ್ತದೆ; ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯ ಜೊತೆಜೊತೆಗೇ ಕೇಳಿದರೆ ಸಹಜವೆನಿಸುತ್ತದೆ. ಪ್ರಶ್ನೆ ತಡವಾದರೆ ಚಿಕಿತ್ಸೆ ಕೆಡಬಹುದು.

ತೂಕ ಇಳಿಯುವುದು, ರಕ್ತಸ್ರಾವ, ಬಿಡದ ಜ್ವರ, ಕೈಕಾಲಿನ ಬಲ ಕುಂದುವುದು ಕಂಡರೆ ದಾರಿಯೇ ಬೇರೆ: ಅವುಗಳ ಹಿಂದಿನ ರೋಗವನ್ನು ಮೊದಲು ಹುಡುಕಬೇಕು. ಈ ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೊದಲು ನೆನೆಯಬೇಕಾದದ್ದು ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಹೊನ್ನಾವರ, ಸಿದ್ದಾಪುರಗಳಿಗೂ ಹೊಸದಲ್ಲ.

ಗುರುತಿಸಿದ ಮೇಲೆ

‘ನಿಮಗೆ ಏನೂ ಇಲ್ಲ’ ಎಂಬ ಮಾತು ಮುಂದಿನ ಆಸ್ಪತ್ರೆಗೆ ದಾರಿ ತೋರಿಸುತ್ತದೆ, ಅಷ್ಟೆ. ನೋವು ನಿಜವೆಂದು ಒಪ್ಪಿ, ನರಗಳ ಅತಿಎಚ್ಚರವನ್ನು ಸರಳವಾಗಿ ವಿವರಿಸಿ, ನಡಿಗೆ ಮತ್ತು ಕೆಲಸವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಲು ಹೇಳುವುದು ಚಿಕಿತ್ಸೆಯ ಮೊದಲ ಭಾಗ. ನೋವು ಜಾಸ್ತಿಯಾದಾಗ ಬನ್ನಿ ಎನ್ನುವ ಬದಲು, ನೋವಿದ್ದರೂ ಇಲ್ಲದಿದ್ದರೂ ಇಂಥ ದಿನ ಬನ್ನಿ ಎಂದು ಅದೇ ವೈದ್ಯರು ಕರೆಯುವುದು ಎರಡನೆಯದು.

ನೆರವು ಎಲ್ಲಿ ದೊರೆಯುತ್ತದೆ?

ಇಂಥ ಚಿಕಿತ್ಸೆಗೂ ನೆರವಾಗುವ ಮಾನಸಿಕ ಆರೋಗ್ಯಸೇವೆಯನ್ನು ಸಾಮಾನ್ಯ ವೈದ್ಯರಿಂದಲೇ ಕೊಡಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.