ಡಬ್ಬಿ ಮಾರೋರ ಹಳೇ ಚರಿತ್ರೆ



ಪ್ರೋಟೀನ್ ಡಬ್ಬಿ ಹಿಡ್ಕೊಂಡು ನಮ್ಮ ಕೇರಿಗಳಿಗೆ ಬಂದು 'ಅಕ್ಕಾ, ನೀವೂ ಸೇರಿ, ನಿಮ್ಮ ಕೆಳಗೆ ಇನ್ನಿಬ್ರನ್ನ ಸೇರ್ಸಿ' ಅಂತಾರಲ್ಲ, ಈ ಆಟ ಹೊಸದಲ್ಲ.

1945ರಲ್ಲೇ ಅಮೆರಿಕದಲ್ಲಿ ನ್ಯೂಟ್ರಿಲೈಟ್ ಅನ್ನೋ ವಿಟಮಿನ್ ಪೂರಕವನ್ನ ಹೀಗೆ ಸರಪಳಿ ಕಟ್ಟಿ ಮಾರೋಕೆ ಶುರು ಮಾಡಿದ್ರು. ಅದರೊಳಗಿದ್ದದ್ದು ಅಲ್ಫಾಲ್ಫಾ, ಅಂದ್ರೆ ದನಕ್ಕೆ ಹಾಕೋ ಮೇವಿನ ಸೊಪ್ಪು. ಜೊತೆಗೊಂದು ಪುಸ್ತಿಕೆ, ಅದರ ತುಂಬಾ ಕಾಯಿಲೆ ವಾಸಿಯಾದವರ ಕತೆಗಳು. ಸರ್ಕಾರ ಮಾಲು ಜಪ್ತಿ ಮಾಡ್ತು. ಕಂಪನಿಯವರು ಕೋರ್ಟಿಗೆ ಹೋದ್ರು, 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಲ್ಲಿ ಸೋತ್ರು. 1951ರ ಆದೇಶ ರೋಗ ಗುಣವಾಗುತ್ತೆ ಅಂತ ಹೇಳಿ ಮಾರೋದಕ್ಕೆ ತಡೆ ಹಾಕ್ತು. ಸರಪಳಿ ಮಾತ್ರ ಹಾಗೇ ಉಳೀತು! ಅದರಲ್ಲಿ ಪಳಗಿದ ಇಬ್ಬರೇ 1959ರಲ್ಲಿ ಆಮ್‌ವೇ ಕಟ್ಟಿದ್ದು.

ನಮ್ಮ ದೇಶದಲ್ಲಿ ಹಣ ಚಲಾವಣೆ ಸ್ಕೀಮುಗಳನ್ನ ನಿಷೇಧಿಸೋ ಕಾನೂನು 1978ರಿಂದ್ಲೇ ಇದೆ. 2022ರಲ್ಲಿ ಇ.ಡಿ. ಆಮ್‌ವೇ ಇಂಡಿಯಾದ 757 ಕೋಟಿ ರೂ. ಆಸ್ತಿ ಮುಟ್ಟುಗೋಲು ಹಾಕ್ಕೊಂಡು, ಇದು ಪಿರಮಿಡ್ ವಂಚನೆ ಅಂತ ಆರೋಪಿಸ್ತು.

ಪಿರಮಿಡ್ ಅಂದ್ರೇನು ಅಂತ ನಮಗೆ ಬಿಡಿಸಿ ಹೇಳ್ಬೇಕಾ? ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಜಾತಿಗೆ. ಇಲ್ಲೂ ಮೆಟ್ಟಿಲ ಮೇಲೆ ಮೆಟ್ಟಿಲು, ಕಟ್ಟಕಡೆಯವರ ಕೈಲಿ ಮಾರಾಟವಾಗದ ಡಬ್ಬಿ, ತಲೆ ಮೇಲೆ ಸ್ವಸಹಾಯ ಸಂಘದ ಸಾಲ.

ಡಬ್ಬಿ ಕೊಂಡಿರೋ ಅಕ್ಕಂದಿರೇ, ಬಿಲ್ಲು ಜೋಪಾನ ಮಾಡಿ. ಅವರ ಮಾತು ಕೇಳಿ ಶುಗರ್ ಮಾತ್ರೆ ನಿಲ್ಲಿಸ್ಬೇಡಿ.