ಆಟದ ಪೆಟ್ಟಿಗೆಗೊಂದು ಉಗ್ರಾಣ

ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ ಎಂದೊಡನೆ ನಮ್ಮಂಥ ಹೆಂಗಸರಿಗೆ ಮೊದಲು ನೆನಪಾಗುವುದು ಮಕ್ಕಳ ಪರೀಕ್ಷೆಯ ಅಂಕಗಳು. ಅದು ಕೆಟ್ಟು ಕೂತರೆ ಒಳಗೊಳಗೇ ಸಂತೋಷಪಡುವ ತಾಯಂದಿರನ್ನೂ ನಾನು ಬಲ್ಲೆ. ಆದರೆ ಇತಿಹಾಸ ಪಾಠ ಮಾಡಿ ಮಾಡಿ ಕೆಟ್ಟ ಅಭ್ಯಾಸವಾಗಿದೆ ನನಗೆ. ಯಾವ ವಸ್ತು ಕಂಡರೂ ಅದರ ಹಿಂದಿನ ಕಥೆ ಬೇಕು. ಈ ಪೆಟ್ಟಿಗೆಗಳ ಕಥೆಯಲ್ಲಿಯೂ ಕೋಟೆಯಿದೆ, ಕಾವಲಿದೆ, ನಮ್ಮ ಚಿತ್ರದುರ್ಗದಲ್ಲಿದ್ದಂತೆ ಒಂದು ಕಿಂಡಿಯೂ ಇದೆ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಅದರ ನಕಲುಗಳೇ ಮುಂದೆ ನಮ್ಮ ಊರುಗಳ ಅಂಗಡಿಗಳಿಗೂ ಬಂದವು. ಮೇಲೆ ಚುಚ್ಚುವ ಆ ಪ್ಲಾಸ್ಟಿಕ್ ಬಿಲ್ಲೆಯನ್ನು ಮಕ್ಕಳು ಕ್ಯಾಸೆಟ್ ಎನ್ನುತ್ತಿದ್ದರು. ಕ್ಯಾಸೆಟ್ ಎಂದರೂ ಒಳಗೆ ಟೇಪಿಲ್ಲ, ಚಿಪ್ಪುಗಳಿರುತ್ತವೆ. ಆ ಕಾಲಕ್ಕೆ ಚಿಪ್ಪುಗಳು ದುಬಾರಿ. ಆದ್ದರಿಂದ 1986ರ ಫೆಬ್ರವರಿಯಲ್ಲಿ ಕಂಪನಿಯೇ ಒಂದು ಉಪಾಯ ಹೂಡಿತು. ಫ್ಲಾಪಿಯಂಥ ತಟ್ಟೆಗಳನ್ನು ಓದುವ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಹಳೆಯದರ ಅಡಿಗೆ ಜೋಡಿಸಿಕೊಳ್ಳುವಂತೆ ಮಾಡಿತು. ಆಡಿ ಬೇಸರವಾದ ತಟ್ಟೆಯನ್ನು ಅಂಗಡಿಗೆ ಒಯ್ದು ಅಲ್ಲಿದ್ದ ಯಂತ್ರಕ್ಕೆ ಕೊಟ್ಟರೆ, 500 ಯೆನ್‌ಗೆ ಹಳೆಯ ಆಟ ಅಳಿಸಿ ಹೊಸದನ್ನು ಬರೆದುಕೊಡುತ್ತಿತ್ತು. ಹಾಲಿನ ಬೂತಿಗೆ ಪಾತ್ರೆ ಒಯ್ದು ತುಂಬಿಸಿಕೊಂಡು ಬಂದಂತೆ! ಈ ಬರೆದುಕೊಡುವ ಸೇವೆ 2003ರವರೆಗೂ ನಡೆದಿತ್ತು ಎಂದರೆ ಆಶ್ಚರ್ಯವಾಗುತ್ತದೆ.

ಕಂಪನಿ ತೋರಿಸಿದ ದಾರಿಯಲ್ಲಿ ಬೇರೆಯವರೂ ನಡೆದರು. 1990ರ ನಂತರದ ಸೂಪರ್ ಫ್ಯಾಮಿಕಾಮಿಗೆ ತೈವಾನಿನಲ್ಲಿ ಸೂಪರ್ ವೈಲ್ಡ್ ಕಾರ್ಡ್ ಎಂಬಂಥ ಸಾಧನಗಳು ತಯಾರಾದವು. ಕ್ಯಾಸೆಟ್ಟಿನ ಜಾಗದಲ್ಲಿ ಅದನ್ನು ಕೂರಿಸಿದರೆ ಆಟವನ್ನು ಫ್ಲಾಪಿಗೆ ಇಳಿಸಿಕೊಂಡು ಫ್ಲಾಪಿಯಿಂದಲೇ ಆಡಬಹುದಿತ್ತು. ಇದು ಬಹುಮಟ್ಟಿಗೆ ಕಳ್ಳವ್ಯಾಪಾರವೇ; ಅದಕ್ಕೆ ಬೇರೆ ಹೆಸರಿಟ್ಟು ಮರೆಮಾಚಬೇಕಾಗಿಲ್ಲ.

ನಾನು ಹೇಳಹೊರಟದ್ದು ಪ್ಲೇಸ್ಟೇಷನ್ 2ರ ವಿಚಾರ. ಸೋನಿ ಕಂಪನಿ ಅದನ್ನು 2000ದ ಮಾರ್ಚ್ 4ರಂದು ಜಪಾನಿನಲ್ಲಿ ಬಿಡುಗಡೆ ಮಾಡಿತು. ತಯಾರಿಕೆ ನಿಂತದ್ದು 2013ರಲ್ಲಿ. ಅಷ್ಟರಲ್ಲಿ 15 ಕೋಟಿಗೂ ಮೀರಿ ಪೆಟ್ಟಿಗೆಗಳು ಜಗತ್ತಿನ ಮನೆಮನೆಗಳಲ್ಲಿ ಸೇರಿದ್ದವು. ನನ್ನ ತಂಗಿಯ ಮನೆಯಲ್ಲಿ ಒಂದು. ಅದರ ಆಟಗಳೆಲ್ಲ ಡಿಸ್ಕುಗಳಲ್ಲಿ. ಡಿಸ್ಕನ್ನು ಓದುವುದು ಒಂದು ಪುಟ್ಟ ಲೇಸರ್ ಕಣ್ಣು, ರಿಪೇರಿಯವರು ಅದನ್ನು ಲೆನ್ಸ್ ಎನ್ನುತ್ತಾರೆ. ವರ್ಷಗಟ್ಟಲೆ ಹಿಂದೆ ಮುಂದೆ ಸರಿದಾಡಿ, ನಮ್ಮ ಬೀದಿಯ ದೂಳನ್ನೂ ಉಂಡು, ಆ ಕಣ್ಣು ಮಂದವಾಗುತ್ತದೆ. ತಂಗಿಯ ಮಗನ ಪೆಟ್ಟಿಗೆಗೂ ಹಾಗೆಯೇ ಆಯಿತು. ರಿಪೇರಿಯವನು ಬಿಚ್ಚಿ ನೋಡಿ, “ಲೆನ್ಸ್ ಹೋಗಿದೆ, ಇದರದು ಈಗ ಸಿಗೋಲ್ಲ, ತೂಕಕ್ಕೆ ಹಾಕಿಬಿಡಿ” ಎಂದನಂತೆ. ಮಿಕ್ಕೆಲ್ಲ ಅಂಗಗಳು ಸರಿಯಾಗಿದ್ದು ಕಣ್ಣೊಂದು ಹೋದರೆ ತೂಕಕ್ಕೆ ಹಾಕುವುದೇ? ಇಪ್ಪತ್ತು ವರ್ಷದ ಮಿಕ್ಸಿಗೆ ಇನ್ನೂ ಬ್ರಷ್ ಹಾಕಿಸಿಕೊಂಡು ರುಬ್ಬುವ ನಮಗೆ ಈ ಮಾತು ಒಗ್ಗುವುದಿಲ್ಲ.

ಹುಡುಗ ಬಿಡಲಿಲ್ಲ. ಡಿಸ್ಕಿನ ಗೊಡವೆಯೇ ಇಲ್ಲದೆ ಹೊರಗಿನ ಉಗ್ರಾಣದಿಂದ ಆಟ ಬಡಿಸುವ ವಿದ್ಯೆಯೊಂದಿದೆ ಎಂದು ಕಂಡುಕೊಂಡ. ನನ್ನನ್ನು ಕೂರಿಸಿಕೊಂಡು ವಿವರಿಸಿದವನೂ ಅವನೇ.

ಸ್ವಾರಸ್ಯವೆಂದರೆ ಉಗ್ರಾಣದ ಬಾಗಿಲನ್ನು ಸೋನಿಯೇ ಇಟ್ಟಿತ್ತು. ಮೊದಲು ಬಂದ ದಪ್ಪ ಮಾದರಿಯ ಬೆನ್ನಿನಲ್ಲಿ ಹಾರ್ಡ್ ಡಿಸ್ಕ್ ಕೂರಿಸಲೆಂದೇ ಒಂದು ಗೂಡು. 40 ಗಿಗಾಬೈಟ್‌ನ ಹಾರ್ಡ್ ಡಿಸ್ಕನ್ನು ಕಂಪನಿಯೇ 2001ರಲ್ಲಿ ಜಪಾನಿನಲ್ಲಿಯೂ 2004ರಲ್ಲಿ ಅಮೆರಿಕದಲ್ಲಿಯೂ ಮಾರಿತು. ಅದೇ 2004ರಲ್ಲಿ ತೆಳು ಮಾದರಿ ಬಂದಾಗ ಗೂಡು ಮಾಯವಾಯಿತು. ಗೂಡಿದ್ದರೂ ಅದರಲ್ಲಿಟ್ಟ ಆಟಗಳನ್ನು ಪೆಟ್ಟಿಗೆ ಸುಮ್ಮನೆ ಒಪ್ಪುತ್ತಿರಲಿಲ್ಲ. ಅಸಲಿ ಡಿಸ್ಕೇ ಎಂದು ಪರೀಕ್ಷಿಸುವ ಕಾವಲು ಒಳಗಿತ್ತು. ಮೊದಮೊದಲು ಜನ ಒಳಗಿನ ಹಲಗೆಗೆ ಮಾಡ್‌ಚಿಪ್ ಎಂಬ ಚಿಪ್ಪನ್ನು ಬೆಸೆದು ಕಾವಲನ್ನು ಕಣ್ಕಟ್ಟು ಮಾಡುತ್ತಿದ್ದರು. ಕೂದಲೆಳೆಯಂಥ ತಂತಿಗಳು, ಕೈ ಅಲುಗಿದರೆ ಯಂತ್ರವೇ ಹಾಳು.

ಆಮೇಲೆ ಸಿಕ್ಕಿತು ಕಿಂಡಿ. ಪ್ಲೇಸ್ಟೇಷನ್ 2ರಲ್ಲಿ ಆಟದ ಗುರುತು ಉಳಿಸಲು 8 ಮೆಗಾಬೈಟ್‌ನ ಮೆಮೊರಿ ಕಾರ್ಡ್ ಇರುತ್ತದೆ. ಮೊದಲ ಪ್ಲೇಸ್ಟೇಷನ್ನಿನ ಡಿಸ್ಕನ್ನು ಇದರಲ್ಲಿ ಹಾಕಿದರೆ, ಯಂತ್ರ ಆ ಕಾರ್ಡಿನಲ್ಲಿರುವ ಆಟಗಳ ಹೆಸರಿನ ಪಟ್ಟಿಯೊಂದನ್ನು ಓದುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿನ ಅಂಕಣಕ್ಕಿಂತ ಉದ್ದನೆಯ ಹೆಸರು ಬರೆದರೆ ಪಕ್ಕದ ಅಂಕಣಕ್ಕೆ ನುಗ್ಗುವುದಿಲ್ಲವೇ? ಹಾಗೆಯೇ ಪಟ್ಟಿಯಲ್ಲಿ ಬೇಕೆಂದೇ ಅತಿಯಾಗಿ ತುಂಬಿ, ಉಕ್ಕಿ ಹರಿದದ್ದನ್ನು ಯಂತ್ರ ಆಜ್ಞೆಯೆಂದು ತಿಳಿಯುವಂತೆ 2003ರಲ್ಲಿ ಮಾಡಿದರು. ಚಿಪ್ಪೂ ಬೇಡ, ಬೆಸುಗೆಯೂ ಬೇಡ.

2008ರಲ್ಲಿ ಬಂದ ಫ್ರೀ ಮ್ಯಾಕ್‌ಬೂಟ್ ಇನ್ನೂ ಸರಳ. ಯಂತ್ರ ಏಳುವಾಗ, ಕಂಪನಿಯ ತಿದ್ದುಪಡಿ ಏನಾದರೂ ಬಂದಿದೆಯೇ ಎಂದು ಮೆಮೊರಿ ಕಾರ್ಡನ್ನು ಒಮ್ಮೆ ನೋಡುತ್ತದೆ. ಆ ಜಾಗದಲ್ಲಿ ತಿದ್ದುಪಡಿಯ ವೇಷದಲ್ಲಿ ಈ ತಂತ್ರಾಂಶ ಕೂತಿರುತ್ತದೆ. ಯಂತ್ರ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಕೊನೆಗೆ ಬಂದ ಕೆಲವು ತೆಳು ಮಾದರಿಗಳಲ್ಲಿ ಸೋನಿ ಈ ಕಿಂಡಿ ಮುಚ್ಚಿತು. ಮಿಕ್ಕ ಕೋಟ್ಯಂತರ ಪೆಟ್ಟಿಗೆಗಳಲ್ಲಿ ಅದು ತೆರೆದೇ ಇದೆ. ಒಳಹೊಕ್ಕ ಮೇಲೆ ಓಪನ್ ಪಿಎಸ್2 ಲೋಡರ್ ಎಂಬ ಇನ್ನೊಂದು ತಂತ್ರಾಂಶ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಅಥವಾ ತಂತಿ ಎಳೆದ ಮನೆಯ ಕಂಪ್ಯೂಟರಿನಿಂದ ಆಟವನ್ನು ತಂದು, ಡಿಸ್ಕಿನಿಂದಲೇ ಬರುತ್ತಿದೆಯೆಂದು ಯಂತ್ರವನ್ನು ನಂಬಿಸುತ್ತದೆ.

ಪೆನ್‌ಡ್ರೈವಿನಲ್ಲಿ ಒಂದು ತೊಡಕು. ಆ ಕಾಲದ ಯು.ಎಸ್.ಬಿ. ಕಿಂಡಿ ಬಹಳ ಕಿರಿದು, ಸೆಕೆಂಡಿಗೆ ಒಂದೂವರೆ ಮೆಗಾಬೈಟ್ ದಾಟದು. ಡಿಸ್ಕ್ ಇದರ ಮೂರರಷ್ಟು ವೇಗದಲ್ಲಿ ಕೊಡುತ್ತಿತ್ತು. ಆದ್ದರಿಂದ ಆಟ ಸರಾಗವಾಗಿ ಸಾಗಿದರೂ ನಡುನಡುವೆ ಬರುವ ಸಿನಿಮಾ ದೃಶ್ಯಗಳು ತೊದಲುತ್ತವೆ. ಸಣ್ಣ ಕೊಳವೆಯಲ್ಲಿ ದೊಡ್ಡ ತೊಟ್ಟಿ ತುಂಬಿಸುವ ಕಷ್ಟ, ನಲ್ಲಿ ನೀರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಡ್ ಡಿಸ್ಕಿಗೆ ಈ ತೊದಲಿಲ್ಲ.

“ಇದು ಕಳ್ಳತನವಲ್ಲವೇನೋ?” ಎಂದು ಕೇಳಿದೆ. “ಡಿಸ್ಕ್ ನಮ್ಮದೇ ಅಲ್ವಾ ದೊಡ್ಡಮ್ಮ, ದುಡ್ಡು ಕೊಟ್ಟು ತಗೊಂಡಿದ್ದು” ಎಂದ. ನ್ಯಾಯಾಲಯಗಳೂ ಈ ಪ್ರಶ್ನೆಯಲ್ಲಿ ತಡಕಾಡಿವೆ. ಆಸ್ಟ್ರೇಲಿಯದಲ್ಲಿ ಸ್ಟೀವನ್ಸ್ ಎಂಬವರು ಮೊದಲ ಪ್ಲೇಸ್ಟೇಷನ್ನಿಗೆ ಚಿಪ್ಪು ಹಾಕಿಕೊಡುತ್ತಿದ್ದ ಮೊಕದ್ದಮೆಯಲ್ಲಿ, 2005ರಲ್ಲಿ ಅಲ್ಲಿನ ಹೈಕೋರ್ಟು ಸೋನಿಗೆ ವಿರುದ್ಧವಾಗಿ ತೀರ್ಪಿತ್ತಿತು. ಈ ಕಾವಲು ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲನ್ನು ಆಡುವುದನ್ನಷ್ಟೇ ತಡೆಯುತ್ತದೆ ಎಂಬುದು ವಾದದ ತಿರುಳು. ಮರುವರ್ಷವೇ ಸರ್ಕಾರ ಕಾಯಿದೆಯನ್ನು ಬಿಗಿಗೊಳಿಸಿತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ, ಕೊಂಡವರು ಕಂಪ್ಯೂಟರ್ ತಂತ್ರಾಂಶ ಹಾಳಾದರೆ ಇರಲೆಂದು ಪ್ರತಿ ಇಟ್ಟುಕೊಳ್ಳುವುದಕ್ಕೆ ಅವಕಾಶ ಕೊಟ್ಟಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಕಾವಲು ಮುರಿದರೆ 2012ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆಮನೆ. ಕೊಳ್ಳದ ಆಟವನ್ನು ಇಳಿಸಿಕೊಂಡು ಆಡುವವರಿಗೆ ನನ್ನ ಬೆಂಬಲವಿಲ್ಲ. ಅದನ್ನು ಬರೆದವರಿಗೂ ಹೊಟ್ಟೆಯಿದೆ. ಆದರೆ ಅಂಗಡಿಯಲ್ಲಿ ಎಲ್ಲಿಯೂ ಸಿಗದ ಆಟ ಮಣ್ಣುಪಾಲಾಗುವುದನ್ನು ನೋಡುತ್ತ ಕೂರುವುದೂ ನನ್ನಿಂದಾಗದು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು: ಆ ದೇಶದಲ್ಲಿ ಬಂದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರಾಟದಲ್ಲಿಯೇ ಇಲ್ಲ. ಗ್ರಂಥಾಲಯಗಳು ಅವನ್ನು ದೂರದ ಸಂಶೋಧಕರಿಗೆ ಒದಗಿಸಲು ಅನುಮತಿ ಕೇಳಿದಾಗ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಒಪ್ಪಲಿಲ್ಲ.

ಇದು ಯಾರೋ ಅಮೆರಿಕದವರ ತಾಪತ್ರಯ ಎಂದುಕೊಳ್ಳಬೇಡಿ. ಪ್ಲೇಸ್ಟೇಷನ್ 2ಕ್ಕೆ ನಮ್ಮ ನೆರೆಯ ಹೈದರಾಬಾದಿನಲ್ಲಿಯೂ ಆಟಗಳು ತಯಾರಾಗಿದ್ದವು. 2009ರಲ್ಲಿ ಅಲ್ಲಿಂದ ಹನುಮಂತನ ಬಾಲ್ಯದ ಆಟವೊಂದು ಬಂತು. ಅದೇ ವರ್ಷ ದೇಸಿ ಅಡ್ಡಾ ಎಂಬುದೂ ಬಂತು, ಅದರಲ್ಲಿ ಕಬಡ್ಡಿಯಿತ್ತು, ನಾವು ಚಿಕ್ಕವರಿದ್ದಾಗ ಆಡಿದ ಚಿನ್ನಿದಾಂಡಿತ್ತು. ತಂಗಿಯ ಮಗನ ಹತ್ತಿರ ಆ ಡಿಸ್ಕ್ ಇದೆ, ಮೇಲೆ ಎರಡು ಗೀರು ಬಿದ್ದಿದೆ. ಕಂಪ್ಯೂಟರ್ ಅದನ್ನು ಪೂರ್ತಿ ಓದುತ್ತದೋ ಇಲ್ಲವೋ, ದಸರಾ ರಜೆಯಲ್ಲಿ ಬಂದು ಪ್ರತಿ ತೆಗೆದು ನೋಡುತ್ತೇನೆ ಎಂದಿದ್ದಾನೆ.