ಕೈಯಲ್ಲಿದ್ದ ಅಳತೆ ಕಾಗದಕ್ಕೆ ಬಂದ ಕಥೆ

ಮೂರು ಕಾರುಗಳನ್ನು ನಟ್ಟು ಬೋಲ್ಟು ಸಮೇತ ಪೂರ್ತಿ ಬಿಚ್ಚಿ, ಎಲ್ಲ ಬಿಡಿಭಾಗಗಳನ್ನೂ ಒಂದೇ ರಾಶಿ ಹಾಕಿ ಕಲಸಿಬಿಟ್ಟರೆ ಏನಾಗುತ್ತದೆ? ಯಾವ ಪಿಸ್ಟನ್ ಯಾವ ಎಂಜಿನ್ನಿನದು ಎಂದು ಹೇಳುವವರಿಲ್ಲ. ಆ ರಾಶಿಯಿಂದಲೇ ಮತ್ತೆ ಮೂರು ಕಾರು ಜೋಡಿಸಬೇಕು. ಅರದಿಂದ ಉಜ್ಜಿ ಸರಿಮಾಡುವಂತಿಲ್ಲ. ಕೈಯಲ್ಲಿ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಮಾತ್ರ.

1908ರಲ್ಲಿ ಇಂಗ್ಲೆಂಡಿನಲ್ಲಿ ಇದು ನಿಜವಾಗಿಯೂ ನಡೆಯಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ, ಒಂದೇ ಸಿಲಿಂಡರಿನ ಮೂರು ಕಾರುಗಳು ಫೆಬ್ರವರಿ 29ರಂದು ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಮೈದಾನಕ್ಕೆ ಬಂದವು. ಪರೀಕ್ಷೆ ನಡೆಸಿದ್ದು ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್. ಕಾರುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿದ್ದು ಸಾಲದೆಂದು, ರಾಶಿಯಿಂದ 89 ಭಾಗಗಳನ್ನು ತೆಗೆದಿಟ್ಟು, ಮಾರಾಟಕ್ಕಿದ್ದ ದಾಸ್ತಾನಿನಿಂದ ಅಷ್ಟೇ ಹೊಸ ಭಾಗಗಳನ್ನು ಸೇರಿಸಿದರು. ಮೂರೂ ಕಾರು ಮತ್ತೆ ಎದ್ದು ನಿಂತವು. ಅದೇ ಮೈದಾನದಲ್ಲಿ ತಲಾ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡಿದವು. ಆ ವರ್ಷದ ಡ್ಯೂವರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಿಕ್ಕಿತು.

ಇಂದು ಅಂಗಡಿಗೆ ಹೋಗಿ ಮಾಡೆಲ್ ಹೆಸರು ಹೇಳಿ ಪಿಸ್ಟನ್ ತರುವ ನಮಗೆ ಇದರಲ್ಲಿ ಏನು ದೊಡ್ಡ ವಿಷಯ ಅನ್ನಿಸಬಹುದು. ಆಗ ಅದು ದೊಡ್ಡ ವಿಷಯವೇ ಆಗಿತ್ತು. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಒಂದೊಂದು ಎಂಜಿನ್ನನ್ನೂ ಫಿಟ್ಟರುಗಳು ಕೈಯಿಂದ ಉಜ್ಜಿ, ಕೂರಿಸಿ, ನೋಡಿ, ಮತ್ತೆ ಉಜ್ಜಿ ಹೊಂದಿಸುತ್ತಿದ್ದರು. ಕೆಲಸವೇನೋ ಚೊಕ್ಕವಾಗಿಯೇ ಇರುತ್ತಿತ್ತು. ಆದರೆ ಒಂದು ಎಂಜಿನ್ನಿನ ಭಾಗ ಅದೇ ಹೆಸರಿನ ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇರಲಿಲ್ಲ. ಎಷ್ಟು ಉಜ್ಜಿದೆವೆಂಬುದು ಫಿಟ್ಟರಿನ ಬೆರಳಿಗೆ ಗೊತ್ತಿತ್ತು, ಎಲ್ಲೂ ಬರೆದಿಟ್ಟಿರಲಿಲ್ಲ.

ಇದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋದರೆ ಅಳತೆಯೇ ಒರಟು. ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿಗೆ 1769ರಲ್ಲಿ ಪೇಟೆಂಟ್ ಪಡೆದರೂ, ಉಗಿ ಸೋರದಂಥ ಸಿಲಿಂಡರ್ ಸಿಗಲು ವರ್ಷಗಳೇ ಹಿಡಿದವು. ಕೊನೆಗೆ ಜಾನ್ ವಿಲ್ಕಿನ್ಸನ್ ಎಂಬಾತ ಹೊಸ ಯಂತ್ರದಿಂದ ಸಿಲಿಂಡರ್ ಕೊರೆದುಕೊಟ್ಟ. 50 ಇಂಚು ಅಗಲದ ಸಿಲಿಂಡರಿನಲ್ಲಿ ಎಲ್ಲೂ ಒಂದು ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲ ಎಂದು ವಾಟ್‌ನ ಪಾಲುದಾರ ಹಿಗ್ಗಿದ. ಅಂದು ನಾಣ್ಯವೇ ಅಳತೆಗೋಲು!

ಅಲ್ಲಿಂದ ಕ್ಯಾಡಿಲಾಕ್‌ವರೆಗಿನ ದಾರಿಯಲ್ಲಿ ನಡೆದು ಬಂದವನು ಹೆನ್ರಿ ಲೀಲ್ಯಾಂಡ್. 1843ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದವನು. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಬಂದೂಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ. ರಣರಂಗದಲ್ಲಿ ಮುರಿದ ಬಂದೂಕಿಗೆ ಇನ್ನೊಂದರ ಭಾಗ ಹಾಕಿ ಬಳಸುವಂತಿರಬೇಕು. ಅದಕ್ಕಾಗಿ ಅಲ್ಲಿ ಪ್ರತಿ ಭಾಗವನ್ನೂ ಗೇಜ್ ಇಟ್ಟು ಪರೀಕ್ಷಿಸುತ್ತಿದ್ದರು. ಮುಂದೆ ಲೀಲ್ಯಾಂಡ್ ಸೇರಿದ್ದು ಬ್ರೌನ್ ಅಂಡ್ ಶಾರ್ಪ್ ಕಂಪನಿಯನ್ನು. ಹೊಲಿಗೆ ಯಂತ್ರಗಳ ಜೊತೆಗೆ ಮೈಕ್ರೋಮೀಟರ್ ಕೂಡ ತಯಾರಿಸುತ್ತಿದ್ದ ಜಾಗ ಅದು. ಇಂಚಿನ ಸಾವಿರದ ಒಂದು ಭಾಗ, ನಮ್ಮ ಲೇತ್ ಅಂಗಡಿಗಳಲ್ಲಿ ‘ಥೌ’ ಎನ್ನುತ್ತಾರಲ್ಲ, ಅದು ಅವನಿಗೆ ಅಲ್ಲೇ ರೂಢಿಯಾಯಿತು. ಒಂದು ಥೌ ಅಂದರೆ ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಈ ಶಿಸ್ತನ್ನೇ ಅವನು ಕಾರಿನ ಎಂಜಿನ್ನಿಗೆ ತಂದ.

ಅದೇ ಹೊತ್ತಿಗೆ ಸ್ವೀಡನ್ನಿನ ಬಂದೂಕು ಕಾರ್ಖಾನೆಯೊಂದರಲ್ಲಿ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಇನ್ನೊಂದು ಉಪಾಯ ಹುಡುಕಿದ್ದ. 1896ರಲ್ಲಿ ಅವನಿಗೆ ಹೊಳೆದದ್ದು 102 ಉಕ್ಕಿನ ಬಿಲ್ಲೆಗಳ ಒಂದು ಪೆಟ್ಟಿಗೆ. ಬೇಕಾದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದರೆ 20,000 ಬೇರೆ ಬೇರೆ ಅಳತೆ ಸಿಗುತ್ತದೆ. ಎರಡು ಊರಿನ ಎರಡು ಕಾರ್ಖಾನೆಗಳು ಅಂಥದೇ ಬಿಲ್ಲೆಗಳಿಂದ ತಮ್ಮ ಗೇಜುಗಳನ್ನು ಪರೀಕ್ಷಿಸಿಕೊಂಡರೆ, ಇಲ್ಲಿ ಬರೆದ ಸಂಖ್ಯೆಗೆ ಅಲ್ಲೂ ಅದೇ ಅರ್ಥ.

ಬಿಸಿಯ ಲೆಕ್ಕವೂ ಇದೆ. 100 ಮಿಲಿಮೀಟರ್ ಉಕ್ಕಿನ ತುಂಡು 10 ಡಿಗ್ರಿ ಬಿಸಿಯಾದರೆ ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಆದ್ದರಿಂದಲೇ ಇಂಥ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂದು 1931ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದರು.

ಬರೆದಿಡದ ಅಳತೆಯ ಬೆಲೆ ಏನೆಂದು ಎರಡನೇ ಮಹಾಯುದ್ಧ ತೋರಿಸಿತು. ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ವಿಮಾನ ಎಂಜಿನ್ನನ್ನು ಸಾವಿರಗಟ್ಟಲೆ ತಯಾರಿಸಬೇಕಿತ್ತು. ಕಾರು ಮಾಡುವ ಫೋರ್ಡ್ ಕಂಪನಿಯ ಇಂಗ್ಲೆಂಡಿನ ಶಾಖೆ ಮುಂದೆ ಬಂತು. ನಕ್ಷೆ ನೋಡಿದ ಫೋರ್ಡ್‌ನವರು ಇದರಿಂದ ಆಗದು ಎಂದರು. ಅಳತೆ ಅಷ್ಟು ಸೂಕ್ಷ್ಮವೆಂದು ಹೆದರಿದರೇನೋ ಎಂದುಕೊಂಡರು ರೋಲ್ಸ್ ರಾಯ್ಸ್‌ನ ಎಂಜಿನಿಯರ್ ಸ್ಟ್ಯಾನ್ಲಿ ಹೂಕರ್. ತಕರಾರು ತದ್ವಿರುದ್ಧವಾಗಿತ್ತು: ನಕ್ಷೆಯಲ್ಲಿ ಬಿಟ್ಟ ಸಡಿಲ ತೀರಾ ಹೆಚ್ಚು, ನಮ್ಮ ಕಾರಿನ ಎಂಜಿನ್ನೇ ಇದಕ್ಕಿಂತ ಬಿಗಿ ಅಳತೆಯದು! ಹೂಕರ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಸಡಿಲವನ್ನು ರೋಲ್ಸ್ ರಾಯ್ಸ್‌ನ ನುರಿತ ಫಿಟ್ಟರುಗಳು ಕೈಯಿಂದ ತುಂಬಿಕೊಳ್ಳುತ್ತಿದ್ದರು. ಅವರ ಕೈ ಫೋರ್ಡ್‌ನಲ್ಲಿ ಇರಲಿಲ್ಲ. ನಕ್ಷೆಗಳನ್ನೇ ಹೊಸದಾಗಿ ಬರೆದರು. ಮ್ಯಾಂಚೆಸ್ಟರ್ ಬಳಿಯ ಆ ಕಾರ್ಖಾನೆಯಿಂದ 30,000ಕ್ಕೂ ಹೆಚ್ಚು ಮರ್ಲಿನ್ ಎಂಜಿನ್‌ಗಳು ಹೊರಬಂದವು.

ಇದರಲ್ಲಿ ಕಳೆದುಕೊಂಡವರೂ ಇದ್ದಾರೆ. ಫಿಟ್ಟರಿನ ಬೆಲೆ ಇದ್ದದ್ದು ಅವನ ಬೆರಳಿನಲ್ಲಿ. ಆ ತಿಳಿವಳಿಕೆ ಕಾಗದಕ್ಕೆ ಇಳಿದ ಮೇಲೆ, ಅವನ ಜಾಗಕ್ಕೆ ಕಡಿಮೆ ಕಲಿತವನನ್ನೂ ನಿಲ್ಲಿಸಬಹುದಾಯಿತು. ದೂರದ ಊರಿನ ಗ್ರಾಹಕನಿಗೆ ಬಿಡಿಭಾಗ ಸಿಕ್ಕಿದ್ದೂ, ಫಿಟ್ಟರಿನ ಮಾತಿನ ತೂಕ ಇಳಿದದ್ದೂ ಒಂದೇ ಕಾಗದದಿಂದ.

ಆದರೆ ಎಂಜಿನ್ ಜೋಡಿಸುವವರ ನೋಟ್‌ಬುಕ್ ಕಾರ್ಖಾನೆಯ ಆಚೆಗೂ ಉಳಿಯಿತು. ಒಳ್ಳೆಯ ಮೆಕ್ಯಾನಿಕ್ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯುತ್ತಾನೆ. ಯಾಕೆಂದರೆ ಸಿಲಿಂಡರ್ ಒಂದೇ ಸಮ ಸವೆಯುವುದಿಲ್ಲ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಹೆಚ್ಚು ಸವೆದು, ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಾಲ್ಕು ಸಿಲಿಂಡರಿಗೆ 24 ಅಳತೆ. ಜೊತೆಗೆ ಪಿಸ್ಟನ್, ರಿಂಗಿನ ಗ್ಯಾಪ್, ಬೇರಿಂಗಿನ ಸಂದು. ಇಷ್ಟನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಲಾರರು. ಸವೆತ ಅಂದರೆ ಎರಡು ಸಂಖ್ಯೆಗಳ ವ್ಯತ್ಯಾಸ. ಮೊದಲ ಸಂಖ್ಯೆ ಬರೆದಿಡದಿದ್ದರೆ, ಈ ಎಂಜಿನ್ ಎಷ್ಟು ದಿನದಲ್ಲಿ ಎಷ್ಟು ಸವೆಯಿತೆಂದು ಹೇಳಲಾಗದು.

ನಿಮ್ಮ ಮನೆಯ ಟ್ರ್ಯಾಕ್ಟರ್ ಅಥವಾ ಪಿಕಪ್ ಎಂಜಿನ್ ಬೋರಿಗೆ ಬಂದಾಗ ಇದು ನೆನಪಿರಲಿ. ಬೋರ್ ಮಾಡಿದ ಮೇಲೆ ಸಿಲಿಂಡರಿನ ಅಳತೆ ಎಷ್ಟು, ಹಾಕಿದ ಪಿಸ್ಟನ್ ಎಷ್ಟು ಓವರ್‌ಸೈಜ್, ಸಂದು ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿ, ತಾರೀಕು ಮತ್ತು ಮೀಟರ್ ರೀಡಿಂಗ್ ಸಮೇತ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಮುಂದಿನ ಸಲ ಬೇರೆ ಊರಿನ, ಬೇರೆ ಮೆಕ್ಯಾನಿಕ್ ಬಿಚ್ಚಿದರೂ ಅವನಿಗೆ ಶುರುಮಾಡಲು ಒಂದು ಸಂಖ್ಯೆ ಇರುತ್ತದೆ.